ಶನಿವಾರದ ಕ್ಯಾರವಾನ್

ಮೊನ್ನೆ ಗಿಡಗಳಿಗೆ ಗೊಬ್ಬರ ಹಾಕೋಣವೆಂದು ಹಳೆಯ ಪ್ಯಾಂಟೊಂದನ್ನು ಹುಡುಕಿ ತೆಗೆದೆ. ಜೇಬಿಗೆ ಕೈ ಹಾಕಿದರೆ ನಾಲ್ಕು ಮಡಿಕೆಯಾದ ಸ್ಯಾಂಡ್ ಪೇಪರಿನ ತುಂಡು. ಉಜ್ಜಿ ಉಜ್ಜಿ ಅದರ ಒರಟೆಲ್ಲ ಹೋಗಿ ಹಳೆಯ ಪಂಚೆಯ ಬಟ್ಟೆಯಷ್ಟು ಮೆತ್ತಗಾಗಿತ್ತು. ಮಡಿಕೆಯ ಸಂದಿನಲ್ಲಿ ಇನ್ನೂ ಕೆನೆಬಣ್ಣದ ಪುಡಿ. ಕಸದ ಬುಟ್ಟಿಗೆ ಹಾಕಲು ಹೊರಟವಳು ಹಾಗೇ ಹಿತ್ತಲಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ದಿನ ಗಿಡಗಳಿಗೆ ಗೊಬ್ಬರ ಸೇರಲಿಲ್ಲ.

ನಾನು ಅಡಿಲೇಡಿನ ಪ್ರಾಸ್ಪೆಕ್ಟಿನಲ್ಲಿ ಇಪ್ಪತ್ತು ವರ್ಷದಿಂದ ಜಿ.ಪಿ. ಮೈಸೂರಿನ ನಮ್ಮ ಸೋದರತ್ತೆಯ ಮಾತಿನಲ್ಲಿ ಹೇಳುವುದಾದರೆ ‘ನೆಗಡಿ ಡಾಕ್ಟ್ರು’. ಆದರೆ ಕನ್ನಡದವರ ಮನೆಯ ಊಟಗಳಲ್ಲಿ ನನ್ನಷ್ಟು ಬೇಡಿಕೆಯಿರುವ ಅತಿಥಿ ಇನ್ನೊಬ್ಬರಿಲ್ಲ. ಪಾಯಸ ಬರುವ ಹೊತ್ತಿಗೆ ಯಾರಾದರೊಬ್ಬರು ಪಕ್ಕಕ್ಕೆ ಕರೆದು ಮೊಣಕಾಲು ತೋರಿಸುತ್ತಾರೆ. ಇನ್ನೊಬ್ಬರು ಫೋನಿನಲ್ಲಿ ಊರಲ್ಲಿರುವ ಅಣ್ಣನ ಸ್ಕ್ಯಾನ್ ರಿಪೋರ್ಟು ಹಿಡಿದು ಕಾಯುತ್ತಿರುತ್ತಾರೆ. ಒಮ್ಮೆ ಒಂದು ಬಾರ್ಬೆಕ್ಯೂ ಊಟದಲ್ಲಿ, ಕೋಳಿ ಸುಡುವ ಹೊಗೆಯ ನಡುವೆ, ಮಹನೀಯರೊಬ್ಬರು ಮುಖದೆದುರಿಗೇ ನಾಲಿಗೆ ಚಾಚಿ ನಿಂತಿದ್ದರು. ಅಂದಿನಿಂದ ಒಂದು ಮಾತು ರೂಢಿ ಮಾಡಿಕೊಂಡೆ: “ಶನಿವಾರ ನಾನು ಡಾಕ್ಟರಲ್ಲ.” ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹೇಳಿ ಹೇಳಿ ಅದು ನನ್ನ ಜಾಣತನವೆಂದೇ ನಂಬಿಬಿಟ್ಟಿದ್ದೆ.

ವಿಲ್ಫ್ರೆಡ್ ನಮ್ಮ ಮನೆಗೆ ಮೊದಲು ಬಂದದ್ದು ಅಡುಗೆಮನೆಯ ಕಟ್ಟೆಗೆ ಕಲ್ಲು ಕೂರಿಸಲು. ಆಗೆಲ್ಲ ಈ ದೇಶದಲ್ಲಿ ಕಾರ್ಖಾನೆಯಲ್ಲಿ ತಯಾರಾಗುವ ಒಂದು ಬಗೆಯ ಬಿಳಿ ಕಲ್ಲಿನ ಹುಚ್ಚು ಹಿಡಿದಿತ್ತು; ನಮಗೂ ಹಿಡಿಯಿತು. ಕಲ್ಲು ಹೊತ್ತು ಬಂದ ಇಬ್ಬರಲ್ಲಿ ಒಬ್ಬರು, ನಾನು ಗಂಡ ಮೂರ್ತಿಯನ್ನು ಕನ್ನಡದಲ್ಲಿ ಗದರುತ್ತಿದ್ದುದನ್ನು ಕೇಳಿಸಿಕೊಂಡು ಕಿಟಕಿಯಾಚೆಯಿಂದ, “ಅಮ್ಮಾ, ಇಲ್ಲಿ ಕರೆಂಟಿನ ಪ್ಲಗ್ಗು ಎಲ್ಲುಂಟು?” ಎಂದರು. ನಾನು ಬೆಚ್ಚಿಬಿದ್ದೆ. ಮಲ್ಪೆಯ ಕಡೆಯವರು, ಮನೆಮಾತು ಕೊಂಕಣಿ, ಹದಿನಾಲ್ಕು ವರ್ಷ ಬಹ್ರೈನಿನಲ್ಲಿ ಫೈಬರ್ ದೋಣಿ ಕಟ್ಟುವ ಕೆಲಸ, ಆಮೇಲೆ ಬ್ರಿಸ್ಬೇನಿನಲ್ಲಿ ಕಲ್ಲಿನ ವರ್ಕ್‌ಶಾಪು, ಈಗ ಅಡಿಲೇಡಿನಲ್ಲಿ ಅದೇ ಕೆಲಸ. ಇದನ್ನೆಲ್ಲ ಅವರು ಸಿಂಕಿಗೆ ತೂತು ಕೊರೆಯುವ ಮೊದಲೇ ಹೇಳಿ ಮುಗಿಸಿದ್ದರು.

ಕೊರೆದದ್ದು ನಮ್ಮ ಹಿತ್ತಲಿನಲ್ಲಿ. ಮಿಷನ್ನು ಕಿರುಚಿ ಬಿಳಿ ಧೂಳಿನ ಮೋಡವೆದ್ದಿತು. ಅವರ ಕಾಗದದ ಮಾಸ್ಕು ಗಲ್ಲದ ಕೆಳಗೆ ಜೋತಾಡುತ್ತಿತ್ತು. ಕೆಲಸ ಮುಗಿದಾಗ ಹಿತ್ತಲಿನ ನನ್ನ ಒಂದೇ ಕರಿಬೇವಿನ ಗಿಡ ಹಿಟ್ಟು ಎರಚಿದಂತೆ ಬೆಳ್ಳಗಾಗಿತ್ತು. ಪೈಪು ಹಿಡಿದು ಗಿಡವನ್ನು ಎಲೆ ಎಲೆಯಾಗಿ ತೊಳೆದೆ. ಆ ಧೂಳಿನ ನಡುವೆ ಕೂತಿದ್ದ ಮನುಷ್ಯನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟೆ. ಡಾಕ್ಟರಾಗಿ ಆವತ್ತು ನನಗೆ ಹೊಳೆದದ್ದು ಅಷ್ಟೇ.

ಕ್ಯಾರವಾನ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ, ಬಂದದ್ದು ಆಮೇಲೆ. ಕ್ಲಿನಿಕ್ಕಿನಿಂದ ಮನೆಗೆ ಬರುವ ದಾರಿಯಲ್ಲಿ ಒಬ್ಬ ಮುದುಕರ ಮನೆಯಂಗಳದಲ್ಲಿ ಅದು ‘ಮಾರಾಟಕ್ಕಿದೆ’ ಎಂಬ ರಟ್ಟು ನೇತುಹಾಕಿಕೊಂಡು ನಿಂತಿತ್ತು. ಐವತ್ತು ವರ್ಷ ಹಳೆಯದು. ಇಡೀ ಮೈ ಫೈಬರಿನದು, ಎಲ್ಲೂ ಮೂಲೆಗಳಿಲ್ಲ, ದೊಡ್ಡ ಮೊಟ್ಟೆಯೊಂದಕ್ಕೆ ಎರಡು ಚಕ್ರ ಹಚ್ಚಿದ ಹಾಗೆ. ಮೈಮೇಲೆ ಬಿರುಕು, ಕಿಟಕಿಯ ರಬ್ಬರೆಲ್ಲ ಉದುರಿ ಒಳಗಿನ ನೆಲದ ಪ್ಲೈವುಡ್ಡು ನೆನೆದ ಬಿಸ್ಕತ್ತಾಗಿತ್ತು. ಬಾಗಿಲು ತೆಗೆದು ಒಳಗೆ ತಲೆ ಹಾಕಿದೆ ನೋಡಿ, ಕಾದ ತಗಡು, ಹಳೆಯ ರೆಕ್ಸಿನ್, ಎಂಥದೋ ಔಷಧಿ ಕಲೆತ ಒಂದು ವಾಸನೆ ಬಂತು. ಅಲ್ಲಿಗೆ ನನ್ನ ವಿವೇಕ ಮುಗಿಯಿತು. ಆ ವಾಸನೆ ನಮ್ಮಪ್ಪನ ವ್ಯಾನಿನದು.

ಅಪ್ಪ ಎಕ್ಸ್‌ರೇ ತೆಗೆಯುವವರು, ಆಸ್ಪತ್ರೆಯಲ್ಲಲ್ಲ, ಕ್ಷಯ ಪತ್ತೆ ಮಾಡಲು ಹಳ್ಳಿಗಳಿಗೆ ಹೋಗುತ್ತಿದ್ದ ನೀಲಿ ವ್ಯಾನಿನಲ್ಲಿ. ಬೇಸಿಗೆ ರಜೆಯಲ್ಲಿ ನಾನೂ ಜೊತೆಗೆ. ನಂಜನಗೂಡು, ನರಸೀಪುರ, ಕೋಟೆ ಕಡೆಯ ಹಳ್ಳಿಗಳ ಶಾಲೆಯಂಗಳದಲ್ಲಿ ವ್ಯಾನು ನಿಲ್ಲಿಸಿದರೆ ಜನ ಸಾಲುಗಟ್ಟುತ್ತಿದ್ದರು. “ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ... ಬಿಡಿ” ಎಂದು ಕೂಗುವುದು ಅಪ್ಪನ ಕೆಲಸ, ಮಧ್ಯಾಹ್ನದ ಹೊತ್ತಿಗೆ ಅವರ ಗಂಟಲು ಕಟ್ಟಿದರೆ ನನ್ನದು. ಒಮ್ಮೆ ನಾನು “ಹಿಡ್ಕೊಳ್ಳಿ” ಎಂದವಳು ಹೊರಗೆ ಐಸ್‌ಕ್ಯಾಂಡಿಯವನ ಗಂಟೆ ಕೇಳಿ ಓಡಿದೆ. ಹಿಂತಿರುಗಿದರೆ ಒಬ್ಬ ಅಜ್ಜಿ ಕಣ್ಣು ಗುಡ್ಡೆ ಹೊರಗೆ ಬರುವ ಹಾಗೆ, ಕೆನ್ನೆ ಉಬ್ಬಿಸಿಕೊಂಡು ನಿಂತೇ ಇದ್ದರು. ‘ಬಿಡಿ’ ಎಂದು ಯಾರೂ ಹೇಳಿರಲಿಲ್ಲವಲ್ಲ! ಅಪ್ಪನಿಂದ ನನಗೆ ಬಿದ್ದ ಒಂದೇ ಏಟು ಅದು.

ಆ ಅಪ್ಪನೇ ಸಾಲಿನ ಉದ್ದಕ್ಕೂ ಹೋಗಿ ಒಬ್ಬೊಬ್ಬರನ್ನೂ ಕೇಳುತ್ತಿದ್ದರು, “ಕೆಮ್ಮು ಎಷ್ಟು ದಿನದಿಂದ?” ನಾನು ಯಾಕೆಂದು ಕೇಳಿದ್ದಕ್ಕೆ, “ಅವರಾಗಿ ಹೇಳಲ್ಲ ಪುಟ್ಟಿ, ಕೂಲಿ ಹೋಗುತ್ತೆ ಅಂತ ಭಯ. ನಾವೇ ಕೇಳ್ಬೇಕು” ಎಂದಿದ್ದರು. ಅಂಥವರ ಮಗಳು ನಾನು.

ಕ್ಯಾರವಾನನ್ನು ಕೊಂಡು ಹಿತ್ತಲಿಗೆ ತಂದು ನಿಲ್ಲಿಸಿದೆ. ಮೂರ್ತಿ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, “ಇದ್ರಲ್ಲಿ ಕೋಳಿ ಸಾಕ್ತೀಯಾ?” ಎಂದಷ್ಟೇ ಕೇಳಿ ತನ್ನ ಆಸ್ಪತ್ರೆಯ ಕೆಲಸಕ್ಕೆ ಹೋದ. ನಾನು ವಿಲ್ಫ್ರೆಡ್‌ಗೆ ಫೋನು ಮಾಡಿದೆ. ಅವರು ಆ ಶನಿವಾರವೇ ಬಂದರು. ಚಪ್ಪಲಿ ಕಳಚಿಟ್ಟು, ಬೆರಳ ಗೆಣ್ಣಿನಿಂದ ಕ್ಯಾರವಾನಿನ ಮೈಯನ್ನು ಉದ್ದಕ್ಕೂ ತಟ್ಟುತ್ತ, ಕಿವಿಗೊಟ್ಟು ಕೇಳುತ್ತ ಹೋದರು. ನಾವು ಡಾಕ್ಟರುಗಳು ರೋಗಿಯ ಎದೆ ತಟ್ಟಿ ನೋಡುವುದು ಹಾಗೆಯೇ.

“ಒಳ್ಳೆ ಜಾತಿಯ ಫೈಬರು ಡಾಕ್ಟ್ರೇ,” ಎಂದರು, “ಮೇಲಿನದ್ದು ಮಾತ್ರ ಹೋದದ್ದು. ಒಳಗೆ ಗಟ್ಟಿ ಉಂಟು. ನಾವು ಇದನ್ನು ಸರಿ ಮಾಡುವ.”

ಹೀಗೆ ಶುರುವಾಯಿತು. ವಾರವಿಡೀ ಅವರು ಕಲ್ಲು ಕೊಯ್ಯುವುದು, ಶನಿವಾರ ನಮ್ಮ ಹಿತ್ತಲಿಗೆ ಬರುವುದು. ಕೂಲಿಯ ಮಾತೆತ್ತಿದರೆ ಮುಖ ಗಂಟಿಕ್ಕುತ್ತಿದ್ದರು. ಗಾಜಿನ ನಾರಿನ ಹಾಸನ್ನು ಕತ್ತರಿಸಿ, ರೆಸಿನ್ ಎಂಬ ಅಂಟು ಕಲೆಸಿ, ಬ್ರಷ್ಷಿನಿಂದ ಕುಕ್ಕಿ ಕುಕ್ಕಿ ಗಾಳಿಗುಳ್ಳೆ ಹೊರಡಿಸುವುದನ್ನು ಕಲಿಸಿಕೊಟ್ಟರು. ನನ್ನ ಮೊದಲ ತೇಪೆ ನೋಡಿ, “ಇದು ಎಂತ, ನೀರುದೋಸೆಯಾ?” ಎಂದು ನಕ್ಕರು. ನಾರು ಚುಚ್ಚಿ ಮೈಯೆಲ್ಲ ತುರಿಸಿಕೊಳ್ಳುತ್ತ ನಾನು ಮಂಗನ ಹಾಗೆ ಕುಣಿದರೆ, “ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಉಲ್ಟಾ ಮಾಡಿದ್ರೆ ಒಳಗೆ ಹೋಗ್ತದೆ” ಎಂದು ಹೇಳಿಕೊಟ್ಟರು. ನನಗೊಂದು ಒಳ್ಳೆಯ ಮಾಸ್ಕು ತಂದುಕೊಟ್ಟು ಹಾಕಿಕೊಳ್ಳಲೇಬೇಕೆಂದು ಹಟ ಮಾಡಿದರು. ತಾವು ಮಾತ್ರ, “ನಂಗೆ ಅಭ್ಯಾಸ ಉಂಟು” ಎನ್ನುತ್ತಿದ್ದರು.

ಅವರು ಕೆಮ್ಮುತ್ತಿದ್ದರು. ಇದನ್ನು ಬರೆಯದೆ ಮುಂದೆ ಹೋಗುವಂತಿಲ್ಲ. ಮೊದಲ ಶನಿವಾರದಿಂದಲೂ ಕೆಮ್ಮುತ್ತಿದ್ದರು, ಒಣ ಕೆಮ್ಮು, ಮಾತಿನ ನಡುವೆ ಮುಖ ಆಚೆ ತಿರುಗಿಸಿ ಚಿಕ್ಕದಾಗಿ. “ಫೈಬರ್ ಧೂಳು ಕಣ್ರೀ, ಮಾಸ್ಕ್ ಹಾಕ್ಕೊಳ್ಳಿ ಅಂದ್ರೆ ಕೇಳಲ್ಲ ನೀವು” ಎಂದು ನಾನು ಗದರುತ್ತಿದ್ದೆ. ಅವರ ಬೆಲ್ಟಿಗೆ ಮೊಳೆಯಿಂದ ಹೊಡೆದ ಹೊಸ ತೂತುಗಳು ಬಿದ್ದಿದ್ದವು. ಅದನ್ನೂ ನೋಡಿದೆ. ನೋಡಿ, “ಸ್ಲಿಮ್ ಆಗ್ಬಿಟ್ಟಿದ್ದೀರಲ್ರೀ, ಗುಟ್ಟು ನಮಗೂ ಹೇಳಿ” ಎಂದೆ. ಒಂದು ಸಲ, ಒಂದೇ ಸಲ, ಚಹಾ ಕುಡಿಯುತ್ತ ಅವರು, “ಡಾಕ್ಟ್ರೇ, ಈ ಕೆಮ್ಮು ಒಂದು...” ಎಂದು ಶುರು ಮಾಡಿದರು. ನಾನು ಸ್ಯಾಂಡ್ ಪೇಪರು ಎತ್ತಿ ಹಿಡಿದು, “ಶನಿವಾರ!” ಎಂದೆ. ಅವರು ತಕ್ಷಣ ಎರಡೂ ಕೈ ಮೇಲೆತ್ತಿ, “ಸಾರಿ, ಸಾರಿ, ರೂಲು ರೂಲೇ” ಎಂದು ನಕ್ಕರು. ಇಬ್ಬರೂ ನಕ್ಕೆವು. ಆ ನಗು ನೆನಪಾದರೆ ಈಗಲೂ ನನಗೆ ನನ್ನ ಮುಖವನ್ನು ನೋಡಿಕೊಳ್ಳಲು ಆಗುವುದಿಲ್ಲ.

ಹೀಗೆ ಐದು ತಿಂಗಳು ಕಳೆದ ಮೇಲೆ, ಚಳಿಗಾಲದ ಒಂದು ಶನಿವಾರ ಹೊಸ ನೆಲದ ಪ್ಲೈವುಡ್ ಹಲಗೆಯನ್ನು ಇಬ್ಬರೂ ಎರಡು ಕಡೆ ಹಿಡಿದು ಒಳಗಿಟ್ಟೆವು. ಭಾರವೇನೂ ಇರಲಿಲ್ಲ. ವಿಲ್ಫ್ರೆಡ್ ಕ್ಯಾರವಾನಿನ ಮೆಟ್ಟಿಲ ಮೇಲೆ ಕೂತರು. ಏನೋ ಹೇಳಲು ಹೋದರು. ಒಂದು ವಾಕ್ಯ ಮುಗಿಸಲು ಮೂರು ಸಲ ಉಸಿರು ಎಳೆಯಬೇಕಾಯಿತು. ತುಟಿ ನೇರಳೆಯಾಗಿತ್ತು. ನಾನು ಒಳಗೆ ಓಡಿ ಆಕ್ಸಿಮೀಟರ್ ತಂದು ಬೆರಳಿಗೆ ಹಾಕಿದೆ. ಅದರಲ್ಲಿ ಮೂಡಿದ ಅಂಕಿ ನೋಡಿ, ಬ್ಯಾಟರಿ ಸರಿಯಿಲ್ಲವೇನೋ ಎಂದು ನನ್ನ ಬೆರಳಿಗೆ ಹಾಕಿಕೊಂಡೆ. ಬ್ಯಾಟರಿ ಸರಿಯಾಗಿಯೇ ಇತ್ತು. ಆಗ ಕೇಳಿದೆ, ಅಪ್ಪ ಕೇಳುತ್ತಿದ್ದ ಅದೇ ಪ್ರಶ್ನೆ, “ಕೆಮ್ಮು ಎಷ್ಟು ದಿನದಿಂದ?”

“ದಿನ ಅಲ್ಲ ಡಾಕ್ಟ್ರೇ,” ಎಂದರು ಮೆಲ್ಲಗೆ. “ಎರಡು ವರ್ಷ ಆಗಿರಬಹುದು.”

ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶಗಳ ಮೇಲ್ಭಾಗದಲ್ಲಿ ಬಿಳಿಯ ಗಡ್ಡೆಗಟ್ಟಿದ ಕಲೆ. ಕಲ್ಲಿನ ಧೂಳು ಒಳಗಿಳಿದು, ಶ್ವಾಸಕೋಶವೇ ಕಲ್ಲಾಗುತ್ತಿತ್ತು. ಅವರಿಗೆ ಐವತ್ತಾರು ವರ್ಷ. ಶ್ವಾಸಕೋಶ ಬದಲಿಸುವ ಮಾತು ಬಂತು. ಹೃದಯ ತಾಳುವುದಿಲ್ಲವೆಂದು ಬಿಟ್ಟುಹೋಯಿತು. ತಜ್ಞರು ನನ್ನ ಮುಖ ನೋಡಿ, “ನೀವು ಐದು ತಿಂಗಳು ಮೊದಲು ಕಳಿಸಿದ್ದರೂ ಹೆಚ್ಚೇನೂ ಬದಲಾಗುತ್ತಿರಲಿಲ್ಲ” ಎಂದರು. ಡಾಕ್ಟರುಗಳು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಸಮಾಧಾನ ಅದು. ನಾನೂ ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದೇನೆ.

ವಿಲ್ಫ್ರೆಡ್‌ರ ಹೆಂಡತಿ ಗ್ರೇಸಿ ವೃದ್ಧಾಶ್ರಮವೊಂದರಲ್ಲಿ ಆರೈಕೆಯ ಕೆಲಸ ಮಾಡುತ್ತಿದ್ದರು. ಚಿಕ್ಕ ಮೈಕಟ್ಟು, ಗಟ್ಟಿ ದನಿ. ಒಂದು ಮಧ್ಯಾಹ್ನ ಯೂನಿಫಾರಮ್ಮಿನಲ್ಲೇ ನಮ್ಮ ಮನೆಗೆ ಬಂದು, ಒಳಗೆ ಕರೆದರೂ ಬರದೆ ಹಿತ್ತಲಿಗೆ ಹೋಗಿ ಕ್ಯಾರವಾನಿನ ಎದುರಿಗೆ ನಿಂತರು.

“ನಿಮ್ಮ ಈ ಡಬ್ಬ ತಿಂದದ್ದು ಅವರನ್ನು,” ಎಂದರು. “ವಾರಕ್ಕೆ ಒಂದು ದಿನ ರಜೆ. ಅದೂ ಇಲ್ಲಿ ಬಂದು ಧೂಳು ಕುಡಿದದ್ದು. ನೀವು ಡಾಕ್ಟ್ರು ಅಂತ ಬೇರೆ.”

“ಗ್ರೇಸಿ, ಇದು ಫೈಬರ್ ಧೂಳಿಂದ ಬರೋ ಕಾಯಿಲೆ ಅಲ್ಲ. ಕಲ್ಲಿನ ಧೂಳಿಂದ...”

“ನಂಗೆ ಪಾಠ ಬೇಡ ಡಾಕ್ಟ್ರೇ.”

ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಅದನ್ನು ಹೇಳುತ್ತಿದ್ದಾಗ ಸುಳ್ಳು ಹೇಳುತ್ತಿದ್ದೇನೆ ಅನಿಸಿತು. ಕ್ಯಾರವಾನ್ ಮಾಡದ ತಪ್ಪನ್ನು ಮಾಡಿಲ್ಲವೆಂದು ವಾದಿಸುತ್ತ, ನಾನು ಮಾಡಿದ ತಪ್ಪನ್ನು ಅದರ ಹಿಂದೆ ಬಚ್ಚಿಟ್ಟಿದ್ದೆ. ಕೇಳಲಿಲ್ಲ, ಅದು ನನ್ನ ತಪ್ಪು. ಅದನ್ನು ಆವತ್ತು ಹೇಳಲಿಲ್ಲ. ಅವರು ಹೋದ ಮೇಲೆ ಕ್ಯಾರವಾನಿಗೆ ನೀಲಿ ಟಾರ್ಪಾಲು ಹೊದಿಸಿ ಹಗ್ಗ ಬಿಗಿದೆ.

ಒಂದು ವರ್ಷ ಅದು ಹಾಗೇ ಇತ್ತು. ವಿಲ್ಫ್ರೆಡ್ ಆಕ್ಸಿಜನ್ ಮಿಷನ್ನಿನ ಜೊತೆ ಮನೆ ಸೇರಿದರು. ನಾನು ನೋಡಲು ಹೋದರೆ ಗ್ರೇಸಿ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಹೀಗಿರುವಾಗ ಒಂದು ದಿನ ವಿಲ್ಫ್ರೆಡ್ ಫೋನು ಮಾಡಿದರು. ಅವರ ಒಬ್ಬಳೇ ಮಗಳು ಶೆರಿಲ್ ಪರ್ತಿನ ಜೂಂಡಲಪ್‌ನಲ್ಲಿ ನರ್ಸಿಂಗ್ ಓದುತ್ತಿದ್ದಳು. ಪದವಿ ಪ್ರದಾನಕ್ಕೆ ಎರಡು ತಿಂಗಳಿತ್ತು. ವಿಮಾನದಲ್ಲಿ ಹೋಗುವುದು ಬೇಡವೆಂದು ತಜ್ಞರು ಹೇಳಿದ್ದರು. ಕಾರಿನಲ್ಲಿ ಎರಡು ಸಾವಿರದ ಏಳುನೂರು ಕಿಲೋಮೀಟರು ಕೂತೇ ಹೋಗುವುದು ಸಾಧ್ಯವಿರಲಿಲ್ಲ.

“ಅಲ್ಲಲ್ಲಿ ನಿಲ್ಲಿಸಿ ಮಲಗಿಕೊಂಡು ಹೋಗುವ ಹಾಗೆ ಒಂದು ಮನೆ ಉಂಟಲ್ಲ ನಮ್ಮದು,” ಎಂದರು. “ಎಂತ ಹೇಳ್ತೀರಿ ಡಾಕ್ಟ್ರೇ?”

ಆ ಏಳು ವಾರ ನಾವು ಕೆಲಸ ಮಾಡಿದ ಚಂದವನ್ನು ಹೇಳಿದರೆ ನೀವು ನಗುತ್ತೀರಿ. ಧೂಳಿನ ಹತ್ತಿರ ಬರಬಾರದೆಂದು ವಿಲ್ಫ್ರೆಡ್‌ರನ್ನು ನಮ್ಮ ಊಟದ ಕೋಣೆಯ ಮುಚ್ಚಿದ ಗಾಜಿನ ಹಿಂದೆ ಕೂರಿಸಿದ್ದೆವು. ಹೊರಗೆ ನಾನು ಮತ್ತು ಮಗಳಿಗಾಗಿ ಒಪ್ಪಿ ಬಂದಿದ್ದ ಗ್ರೇಸಿ, ಮೂತಿಗೆ ದೊಡ್ಡ ಮಾಸ್ಕು ಕಟ್ಟಿಕೊಂಡು. ಗ್ರೇಸಿ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಹಾಗಾಗಿ ಮಾತೆಲ್ಲ ಫೋನಿನ ಸ್ಪೀಕರಿನ ಮೂಲಕ, ವಿಲ್ಫ್ರೆಡ್‌ರ ಮೂಲಕ.

“ಆ ಕಡೆ ಹಿಡಿಲಿಕ್ಕೆ ಹೇಳಿ ಅವರಿಗೆ,” ಗ್ರೇಸಿ ಫೋನಿಗೆ ಹೇಳುತ್ತಿದ್ದರು. ನಾನು ಎರಡಡಿ ದೂರದಲ್ಲೇ ನಿಂತಿರುತ್ತಿದ್ದೆ.

“ಡಾಕ್ಟ್ರೇ, ಆ ಕಡೆ ಹಿಡಿಬೇಕಂತೆ,” ಎಂದು ಗಾಜಿನ ಹಿಂದಿನಿಂದ ವಿಲ್ಫ್ರೆಡ್.

“ಹಿಡ್ಕೊಂಡಿದ್ದೀನಿ ಅಂತ ಹೇಳಿ.”

“ಹಿಡ್ಕೊಂಡಿದ್ದಾರಂತೆ ಗ್ರೇಸಿ.”

ಅವರ ಉಸಿರಿಗೆ ಇದು ಎಷ್ಟು ದುಬಾರಿಯೆಂದು ಇಬ್ಬರಿಗೂ ಗೊತ್ತಿತ್ತು. ಮೂರನೆಯ ವಾರ, ಅವರು ನಡುವೆ ಕೆಮ್ಮಿ ಸುಸ್ತಾಗಿ ಫೋನು ಕೆಳಗಿಟ್ಟಾಗ, ಗ್ರೇಸಿ ಮೊದಲ ಸಲ ನೇರವಾಗಿ ನನ್ನ ಕಡೆ ತಿರುಗಿ, “ರಿವೆಟ್ ಕೊಡಿ” ಎಂದರು. ಕೊಟ್ಟೆ. ಅಷ್ಟೇ ಮಾತು. ಆದರೆ ಅವತ್ತಿನಿಂದ ಫೋನು ಬೇಕಾಗಲಿಲ್ಲ. ಬಿರುಕುಗಳು ತುಂಬಿದವು, ನೆಲ ಕೂತಿತು, ಒಳಗೆ ಒಂದು ಅಗಲದ ಮಂಚ, ಪಕ್ಕದಲ್ಲಿ ಆಕ್ಸಿಜನ್ ಮಿಷನ್ನಿಗೆ ಪಟ್ಟಿ ಹೊಡೆದ ಗೂಡು. ಹೊರಮೈಗೆ ಕೆನೆಬಣ್ಣ ಬಳಿದೆವು. ಬಣ್ಣ ಒಣಗಿದ ದಿನ ವಿಲ್ಫ್ರೆಡ್ ಹೊರಗೆ ಬಂದು ನನ್ನ ತೇಪೆಗಳ ಮೇಲೆ ಕೈಯಾಡಿಸಿ, “ಇನ್ನೂ ದೋಸೆಯೇ. ಆದರೆ ಬೆಂದಿದೆ” ಎಂದರು.

ಮೂರ್ತಿಗೆ ರಜೆ ಸಿಗಲಿಲ್ಲ. ಎಳೆಯುವ ಕಾರು ಓಡಿಸಿದವಳು ನಾನು. ಮುಂದೆ ಓಡಿಸುವುದು ಬಂತು. ಹಿಂದಕ್ಕೆ ತೆಗೆಯುವುದು ಕೊನೆಯವರೆಗೂ ಬರಲಿಲ್ಲ. ಕಾರನ್ನು ಎಡಕ್ಕೆ ತಿರುಗಿಸಿದರೆ ಕ್ಯಾರವಾನ್ ಬಲಕ್ಕೆ ಹೋಗುತ್ತಿತ್ತು. ಪೋರ್ಟ್ ಅಗಸ್ಟಾದ ಪೆಟ್ರೋಲ್ ಬಂಕಿನಲ್ಲಿ ನಾನು ಪಂಪಿಗೆ ಅಡ್ಡಡ್ಡ ಸಿಕ್ಕಿಕೊಂಡಾಗ ಒಬ್ಬ ಟ್ರಕ್ಕಿನವನು ಇಳಿದು ಬಂದು, ನನ್ನ ಕೈಯಿಂದ ಬೀಗದ ಕೈ ಇಸಿದುಕೊಂಡು, ತಾನೇ ತೆಗೆದುಕೊಟ್ಟು ಹೋದ. ವಿಲ್ಫ್ರೆಡ್ ಹಿಂದಿನ ಸೀಟಿನಲ್ಲಿ ನಕ್ಕು ಕೆಮ್ಮಿ, ಕೆಮ್ಮಿ ನಕ್ಕು ಗ್ರೇಸಿಯಿಂದ ಬೈಸಿಕೊಂಡರು. ಎರಡು ಗಂಟೆಗೊಮ್ಮೆ ನಿಲ್ಲಿಸುವುದು, ಕ್ಯಾರವಾನಿನಲ್ಲಿ ಅವರು ಒಂದು ಗಂಟೆ ಮಲಗುವುದು, ಮತ್ತೆ ಹೊರಡುವುದು. ಆರು ದಿನದ ದಾರಿ.

ಮೂರನೆಯ ದಿನ ನಲ್ಲರ್ಬರ್ ಬಯಲು. ಮರವಿಲ್ಲ, ದಿಬ್ಬವಿಲ್ಲ, ರಸ್ತೆ ಮಾತ್ರ. ಮಧ್ಯಾಹ್ನ ಪ್ರಯಾಣಿಕರು ತಂಗುವ ಒಂದು ರೋಡ್‌ಹೌಸಿನಲ್ಲಿ ನಿಂತಾಗ ಗ್ರೇಸಿ ಸ್ನಾನಕ್ಕೆ ಹೋದರು. ವಿಲ್ಫ್ರೆಡ್ ಮಂಚದ ಮೇಲೆ ಒರಗಿದ್ದರು. ನಾನು ಬಾಗಿಲಲ್ಲಿ ಕೂತಿದ್ದೆ. ಅವರ ಮುಖ ಕಾಣದ ಹಾಗೆ ಕೂತೇ ಹೇಳಿದೆ.

“ವಿಲ್ಫ್ರೆಡ್, ನಾನು ಕೇಳ್ಬೇಕಿತ್ತು. ಐದು ತಿಂಗಳು ಪ್ರತಿ ವಾರ ಕೇಳಿಸ್ಕೊಂಡೆ. ಒಂದ್ಸಲ ನೀವೇ ಹೇಳೋಕೆ ಬಂದ್ರಿ. ತಮಾಷೆ ಮಾಡ್ಬಿಟ್ಟೆ.”



“ನಂಗೆ ಗೊತ್ತಿತ್ತು ಡಾಕ್ಟ್ರೇ,” ಎಂದರು.

ನಾನು ತಿರುಗಿದೆ.

“ಬ್ರಿಸ್ಬೇನಿನಲ್ಲಿ ನನ್ನ ಬದಿಯ ಮಿಷನ್ನಿನವನಿಗೆ ಇದೇ ಆದದ್ದು. ಹಾಗಾಗಿಯೇ ನಾನು ಆ ಊರು ಬಿಟ್ಟದ್ದು. ಆದರೆ ಕೈಗೆ ಬರುವ ಕೆಲಸ ಅದೊಂದೇ ಅಲ್ವಾ? ಇಲ್ಲಿ ಬಂದ ಮೇಲೆ ಎಲ್ರಿಗೂ ಎದೆಯ ಚೆಕಪ್ ಅಂತ ಕಾಗದ ಬಂತು. ಹರಿದು ಹಾಕಿದೆ. ಶೆರಿಲ್ ಆಗ ಮೊದಲನೇ ವರ್ಷ. ಮುಗೀಲಿ, ಆಮೇಲೆ ನೋಡುವ ಅಂತ.” ಉಸಿರಿಗಾಗಿ ನಿಲ್ಲಿಸಿದರು. “ಎಲ್ಲಿ ಹೋದ್ರೂ ಜನ ಕೇಳ್ತಿದ್ರು, ಎಂತ ಕೆಮ್ಮು, ಎಂತ ಕೆಮ್ಮು ಅಂತ. ನಿಮ್ಮಲ್ಲಿ ಕೇಳುದಿಲ್ಲ. ನಿಮ್ಮ ಆ ರೂಲು ಉಂಟಲ್ಲ, ಅದು ನಂಗೆ ಬೇಕಿತ್ತು. ಹಾಗಾಗಿ ಬರ್ತಿದ್ದದ್ದು.”

“ಆವತ್ತು ಚಹಾ ಕುಡಿಯೋವಾಗ ಹೇಳೋಕೆ ಬಂದಿದ್ರಲ್ಲ?”

“ಒಂದು ದಿನ ಹೆದರಿಕೆ ಆಯ್ತು. ನೀವು ಶನಿವಾರ ಅಂದ್ರಿ. ದೇವರಾಣೆ, ಬಚಾವಾದೆ ಅನಿಸಿತು.” ಆಮೇಲೆ ಬಾಗಿಲ ಕಡೆ ನೋಡಿ, “ಗ್ರೇಸಿಗೆ ಹೇಳ್ಬೇಡಿ. ಗೊತ್ತಿದ್ದೂ ಮಾಡಿದೆ ಅಂತಾದ್ರೆ ಅವಳಿಗೆ ತಡಕೊಳ್ಳಲಿಕ್ಕೆ ಆಗುದಿಲ್ಲ” ಎಂದರು.

ನನ್ನ ಎದೆಯ ಮೇಲಿದ್ದ ಭಾರ ಇಳಿಯಬೇಕಿತ್ತಲ್ಲವೇ? ಇಳಿಯಲಿಲ್ಲ. ಹೆದರಿದ ಮನುಷ್ಯನೊಬ್ಬ ಪ್ರತಿ ವಾರ ಒಬ್ಬ ಡಾಕ್ಟರ ಮನೆ ಹುಡುಕಿಕೊಂಡು ಬರುತ್ತಿದ್ದ, ಆಕೆ ಏನೂ ಕೇಳುವುದಿಲ್ಲವೆಂಬ ಭರವಸೆಯಿಂದ. ಇದನ್ನು ಎಲ್ಲಿಟ್ಟುಕೊಳ್ಳುವುದೋ ನನಗೆ ತಿಳಿಯಲಿಲ್ಲ. ಗ್ರೇಸಿ ಒದ್ದೆ ಕೂದಲು ಒರೆಸುತ್ತ ಬಂದರು. ಹೊರಟೆವು.

ಜೂಂಡಲಪ್‌ನ ಸಭಾಂಗಣದಲ್ಲಿ ಗಾಲಿಕುರ್ಚಿಯನ್ನು ಕೊನೆಯ ಸಾಲಿನ ಪಕ್ಕ ನಿಲ್ಲಿಸಿದೆವು. ವಿಲ್ಫ್ರೆಡ್ ಕೋಟು ಹಾಕಿದ್ದರು; ಅದರೊಳಗೆ ಇನ್ನೊಬ್ಬರು ಹಿಡಿಸುವಷ್ಟು ಜಾಗವಿತ್ತು. ಹೆಸರುಗಳನ್ನು ಕರೆಯುತ್ತಿದ್ದರು. ಇನ್ನೇನು ಶೆರಿಲ್‌ಳ ಸರದಿ ಎನ್ನುವಾಗ ವಿಲ್ಫ್ರೆಡ್ ಕೈ ಚಾಚಿ ಮಿಷನ್ನನ್ನು ಆಫ್ ಮಾಡಿದರು. ಸದ್ದಿನಲ್ಲಿ ಮಗಳ ಹೆಸರು ಸರಿಯಾಗಿ ಕೇಳಿಸುವುದಿಲ್ಲವೆಂದು. ನಾನು ನೋಡಿದೆ. ಡಾಕ್ಟರಾದವಳು ಕೂಡಲೇ ಆನ್ ಮಾಡಬೇಕು. ಮಾಡಲಿಲ್ಲ. ಹೆಸರು ಕರೆದರು. ಶೆರಿಲ್ ವೇದಿಕೆ ದಾಟಿ ಹೋದಳು. ಅವರು ಚಪ್ಪಾಳೆ ತಟ್ಟಿದರು, ನಾಲ್ಕೋ ಐದೋ. ಆಮೇಲೆ ನನ್ನ ಕಡೆ ನೋಡಿದರು. ನಾನೇ ಬಗ್ಗಿ ಆನ್ ಮಾಡಿದೆ.

ಆ ಸಂಜೆ ಶೆರಿಲ್ ಕಪ್ಪು ಗೌನಿನಲ್ಲೇ ಕ್ಯಾರವಾನಿನೊಳಗೆ ಬಂದು ಅಪ್ಪನ ಪಕ್ಕ ಮಲಗಿಬಿಟ್ಟಳು. “ಡ್ಯಾಡ್, ಯೂ ಆರ್ ಮ್ಯಾಡ್, ಯೂ ನೋ ದಟ್?” ಎನ್ನುತ್ತ ಅಳುತ್ತಿದ್ದಳು. “ಗೊತ್ತುಂಟು, ಗೊತ್ತುಂಟು” ಎಂದು ಅವರು ಅವಳ ತಲೆ ಸವರುತ್ತಿದ್ದರು.

ಹತ್ತೊಂಬತ್ತು ದಿನಗಳಾದ ಮೇಲೆ ಅಲ್ಲಿನ ಆಸ್ಪತ್ರೆಯಲ್ಲಿ ವಿಲ್ಫ್ರೆಡ್ ತೀರಿಕೊಂಡರು. ಅಷ್ಟರಲ್ಲಿ ನಾನು ಅಡಿಲೇಡಿಗೆ ಬಂದಿದ್ದೆ. ಮಣ್ಣಿಗೆ ಮತ್ತೆ ಹೋದೆ. ಕ್ಯಾರವಾನನ್ನು ಶೆರಿಲ್‌ಗೆ ಬಿಟ್ಟೆವು. ಗ್ರೇಸಿ ಅಡಿಲೇಡಿನ ಮನೆ ಖಾಲಿ ಮಾಡಿ ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿರುವ ಅಕ್ಕನ ಹತ್ತಿರ ಹೋದರು. ಆ ಕಲ್ಲನ್ನು ಈಗ ಈ ದೇಶದಲ್ಲಿ ನಿಷೇಧಿಸಿದ್ದಾರೆ. ನಮ್ಮ ಅಡುಗೆಮನೆಯಲ್ಲಿ ಅದು ಇನ್ನೂ ಇದೆ, ಬೆಳ್ಳಗೆ ಹೊಳೆಯುತ್ತ. ಕಿತ್ತು ಹಾಕಿಸೋಣವೆಂದರೆ ಅದನ್ನು ಕೀಳುವಾಗ ಏಳುವ ಧೂಳನ್ನು ಇನ್ನೊಬ್ಬ ಯಾರೋ ಕುಡಿಯಬೇಕು. ಹಾಗಾಗಿ ಅದರ ಮೇಲೆಯೇ ತರಕಾರಿ ಹೆಚ್ಚುತ್ತೇನೆ.

ಈಚೆಗೆ ಏನೋ ಕೆಲಸದ ಮೇಲೆ ಬ್ರಿಸ್ಬೇನಿಗೆ ಹೋಗಿದ್ದೆ. ಕ್ಯಾಲಮ್‌ವೇಲ್‌ಗೆ ಹೋಗದೆ ಇರುವುದು ಸಾಧ್ಯವಿರಲಿಲ್ಲ. ಗ್ರೇಸಿಯ ಅಕ್ಕ ಕೆಲಸಕ್ಕೆ ಹೋಗಿದ್ದರು. ಗ್ರೇಸಿ ತಲೆಗೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದರು. ಮೀನು ಸಾರಿಗೆ ಮಸಾಲೆ ರುಬ್ಬಿಟ್ಟು, ನನಗೆ ಬೇರೆ ತೊವ್ವೆ ಮಾಡಿದ್ದರು. ಒಲೆ ಹಚ್ಚುವ ಮೊದಲು ನನ್ನೆದುರು ಕೂತು ಕೇಳಿದರು.

“ಒಂದು ಕೇಳ್ತೇನೆ ಡಾಕ್ಟ್ರೇ. ಅವರಿಗೆ ಮೊದಲೇ ಗೊತ್ತಿತ್ತಾ?”

ನಾನು ಮಾತು ಕೊಟ್ಟಿದ್ದೆ. “ಇಲ್ಲ,” ಎಂದೆ. “ನಾನು ಕೇಳ್ಬೇಕಿತ್ತು ಗ್ರೇಸಿ. ಕೇಳಲಿಲ್ಲ. ತಪ್ಪು ನನ್ನದು.”

ಗ್ರೇಸಿ ನನ್ನ ಮುಖ ನೋಡಿದರು.

“ನಿಮಗೆ ಸುಳ್ಳು ಬರುದಿಲ್ಲ,” ಎಂದರು. “ಇಲ್ಲಿ ಅವರ ಜೊತೆ ಕೆಲಸ ಮಾಡಿದವನೊಬ್ಬ ಸತ್ತದ್ದು ಗೊತ್ತುಂಟಾ ನಿಮಗೆ? ಅವನ ಹೆಂಡ್ತಿ ನಂಗೆ ಫೋನು ಮಾಡಿ ಹೇಳಿದ್ಲು, ನಿನ್ನ ಗಂಡನನ್ನು ಕರ್ಕೊಂಡು ಹೋಗು, ಎದೆ ತೋರಿಸು ಅಂತ. ನೀವು ಕ್ಯಾರವಾನ್ ತಗೊಳ್ಳುವುದಕ್ಕಿಂತ ಮೊದಲು. ಅವರ ಅಂಗಿ ಒಗೀತಿದ್ದದ್ದು ನಾನು. ನೀರು ಹಾಲಿನ ಹಾಗೆ ಆಗ್ತಿತ್ತು. ಆದರೂ ಅವರನ್ನು ಕೇಳಲಿಲ್ಲ.”

“ಯಾಕೆ?”

“ಕೇಳಿದ್ರೆ ಅವರು ಹೌದು ಅಂತಿದ್ರು.”

ಹೊರಗೆ ಯಾರೋ ಹುಲ್ಲು ಕತ್ತರಿಸುತ್ತಿದ್ದರು. ಗ್ರೇಸಿ ಎದ್ದು ಕಿಟಕಿ ಮುಚ್ಚಿ ಬಂದು ಕೂತರು.

“ಯಾರಿಗಾದ್ರೂ ಬೈಯಬೇಕಿತ್ತು,” ಎಂದರು ಗ್ರೇಸಿ. “ನಿಮ್ಮ ಡಬ್ಬ ಸಿಕ್ಕಿತು. ಅದು ತಿರುಗಿ ಮಾತಾಡುದಿಲ್ಲ ಅಲ್ವಾ.”

ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ರೋಡ್‌ಹೌಸಿನ ಆ ಮಧ್ಯಾಹ್ನ, ಹರಿದುಹಾಕಿದ ಕಾಗದ, ಹ್ಯಾಗೆ ಒರಗಿಕೊಂಡಿದ್ದರು, ಎಲ್ಲಿ ಉಸಿರಿಗೆ ನಿಲ್ಲಿಸಿದರು, ಒಂದೂ ಬಿಡದೆ. ಗ್ರೇಸಿ ಅಳಲಿಲ್ಲ. ‘ಗ್ರೇಸಿಗೆ ತಡಕೊಳ್ಳಲಿಕ್ಕೆ ಆಗುದಿಲ್ಲ’ ಎಂಬಲ್ಲಿಗೆ ಬಂದಾಗ ಮಾತ್ರ ಕೈ ಎತ್ತಿ ನನ್ನನ್ನು ತಡೆದರು.

“ಹಾಗೆ ಅಂದ್ರಾ?”

“ಹಾಗೇ ಅಂದ್ರು.”

“ಅವರಿಗೆ ನನ್ನ ಚಿಂತೆ,” ಎಂದರು. “ನಂಗೆ ಅವರದ್ದು.” ಎದ್ದು ಹೋಗಿ ಒಲೆ ಹಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗದೆಯೇ, “ಇವತ್ತು ಇಲ್ಲೇ ಉಳಿಯಿರಿ ಡಾಕ್ಟ್ರೇ. ಅವರ ಬಗ್ಗೆ ಮಾತಾಡಲಿಕ್ಕೆ ಈ ಊರಲ್ಲಿ ನಂಗೆ ಯಾರೂ ಇಲ್ಲ” ಎಂದರು.